ತಣಿಯದ ಚಿಕನ್ ಸುಕ್ಕ, ಮೂರು ಎನ್‌ಆರ್, ಮೂರು ದಿನದ ಗಡುವು

ಪ್ರಶ್ನೆ: ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ರಾಜ್ಯದಲ್ಲಿ ಎಂಟು ಜನರ ಸಣ್ಣ ಘಟಕ ನಡೆಸುತ್ತಿದ್ದೇವೆ. ಚಿಕನ್ ಸುಕ್ಕ ಬೇಯಿಸಿ, ತಣಿಸಿ, ಪ್ಯಾಕ್ ಮಾಡಿ ರಾಜ್ಯದೊಳಗಿನ ಇಂಡಿಯನ್ ಅಂಗಡಿಗಳಿಗೆ ಕೊಡುತ್ತೇವೆ. ನಮ್ಮ ತಪಾಸಣೆ ರಾಜ್ಯ ಸರ್ಕಾರದ್ದು. ಆರು ವಾರದ ಹಿಂದೆ ಹೊಸ ಇನ್‌ಸ್ಪೆಕ್ಟರ್ ಬಂದರು. ಬಂದಾಗಿನಿಂದ ಮೂರು ಎನ್‌ಆರ್ (ನಿಯಮ ಪಾಲಿಸಿಲ್ಲ ಎಂಬ ಲಿಖಿತ ದಾಖಲೆ) ಬರೆದಿದ್ದಾರೆ. ಮೊದಲನೆಯದು ಕೂಲಿಂಗ್ ಲಾಗ್‌ನಲ್ಲಿ ಸಮಯ ಮತ್ತು ಸಹಿ ಇಲ್ಲ ಎಂದು. ಎರಡನೆಯದು ಒಂದು ಬ್ಯಾಚು 130ರಿಂದ 80 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯಲು 25 ನಿಮಿಷ ಹೆಚ್ಚು ತಗೊಂಡಿತು ಎಂದು. ಅದಕ್ಕೆ 'ಕೆಲಸಗಾರರಿಗೆ ತಿಳಿಸಿದ್ದೇವೆ' ಎಂದು ಉತ್ತರ ಕೊಟ್ಟೆವು, ಆ ಬ್ಯಾಚು ಮಾರಾಟವಾಯಿತು, ಯಾರಿಗೂ ಏನೂ ಆಗಲಿಲ್ಲ. ಮೂರನೆಯದು ಕಳೆದ ಶುಕ್ರವಾರ ರಾತ್ರಿಯ 240 ಪೌಂಡ್ ಬ್ಯಾಚು. ಅದನ್ನು ಯಾರೂ ಮುಟ್ಟದಂತೆ ಟ್ಯಾಗ್ ಹಾಕಿ ಹೋಗಿದ್ದಾರೆ. ಈಗ ಇನ್‌ಸ್ಪೆಕ್ಟರ್‌ನ ಸೂಪರ್‌ವೈಸರ್ ಅವರಿಂದ ಕಾಗದ ಬಂದಿದೆ: ಮೂರು ದಿನದೊಳಗೆ ಉತ್ತರ ಕೊಡದಿದ್ದರೆ ತಪಾಸಣೆ ಅಮಾನತು ಮಾಡುತ್ತಾರಂತೆ. ಮಾಂಸ ವಾಸನೆ ಬಂದಿಲ್ಲ, ನಾವೇ ತಿಂದು ನೋಡಿದೆವು, ಚೆನ್ನಾಗಿದೆ. ಮತ್ತೆ 165 ಡಿಗ್ರಿಗೆ ಬಿಸಿ ಮಾಡಿದರೆ ಸಾಲದೇ? ಲ್ಯಾಬ್ ಟೆಸ್ಟ್ ಮಾಡಿಸಲೇ? ಇವರು ಬೇಕಂತಲೇ ಕಿರುಕುಳ ಕೊಡುತ್ತಿದ್ದಾರೆ ಅನ್ನಿಸುತ್ತದೆ, ಅಪೀಲು ಹೋಗಬಹುದೇ? ಫೆಡರಲ್ ತಪಾಸಣೆಗೆ ಬದಲಾದರೆ ಈ ಕಾಟ ತಪ್ಪುತ್ತದೆಯೇ? ಪಕ್ಕದ ರಾಜ್ಯದಲ್ಲಿ ನನ್ನ ತಮ್ಮನ ಅಂಗಡಿಯಿದೆ, ಅಲ್ಲಿಗೂ ಕಳಿಸಬೇಕೆಂದಿದ್ದೇವೆ. ಶುಕ್ರವಾರದ ಲಾಗ್ ಕೆಳಗೆ ಬರೆದಿದ್ದೇನೆ.

ಸಂಜೆ 5:30ಕ್ಕೆ 178 ಡಿಗ್ರಿ. 6:40ಕ್ಕೆ 130. 7:40ಕ್ಕೆ 118. 8:40ಕ್ಕೆ 104. 9:40ಕ್ಕೆ 92. 10:40ಕ್ಕೆ 81. ಬೆಳಿಗ್ಗೆ 5:30ಕ್ಕೆ 43.

ಉತ್ತರ: ನಿಮ್ಮ ಪತ್ರದಲ್ಲಿ ಆತಂಕ ಎರಡಿದೆ, ಒಂದು 240 ಪೌಂಡ್ ಮಾಲಿನದು, ಇನ್ನೊಂದು ಘಟಕವೇ ನಿಂತುಹೋದರೆ ಎಂಬುದು. ಎರಡನೆಯದಕ್ಕೆ ದಾರಿಯಿದೆ, ಮೂರು ದಿನ ಸಾಕು. ಮೊದಲನೆಯದರ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ, ಅದಕ್ಕೆ ಕಾರಣ ನೀವೇ ಕಳಿಸಿದ ಲಾಗ್‌ನಲ್ಲಿದೆ. ಇವೆರಡರ ಜೊತೆಗೆ ನೀವು ಕೇಳದ ಮೂರನೆಯ ವಿಷಯವೂ ಇದೆ: ಮಾರಾಟವಾಗಿಹೋದ ಆ ಎರಡನೆ ಎನ್‌ಆರ್‌ನ ಬ್ಯಾಚು. ಸೂಪರ್‌ವೈಸರ್ ಮೊದಲು ಬೆರಳಿಡುವುದು ಅಲ್ಲೇ.

ಮೊದಲು ಲಾಗ್ ಓದೋಣ. ನಿಮ್ಮ ಹ್ಯಾಸಪ್ ಯೋಜನೆಯಲ್ಲಿರುವುದು (ಆಹಾರದ ಅಪಾಯ ತಡೆಯಲು ಘಟಕ ಬರೆದಿಡುವ ಯೋಜನೆ ಅದು) ಫೆಡರಲ್ ಮಾಂಸ ತಪಾಸಣಾ ಸಂಸ್ಥೆ ಎಫ್‌ಎಸ್‌ಐಎಸ್‌ನ ತಣಿಸುವ ಮಾರ್ಗಸೂಚಿಯಾದ ಅಪೆಂಡಿಕ್ಸ್ ಬಿಯಲ್ಲಿರುವ ಸಾಮಾನ್ಯ ಮಿತಿ ಎಂದು ನಿಮ್ಮ ಎರಡನೆ ಎನ್‌ಆರ್‌ನಿಂದಲೇ ತಿಳಿಯುತ್ತದೆ. ಒಳಗಿನ ಉಷ್ಣತೆ 130 ಡಿಗ್ರಿ ಫ್ಯಾರನ್‌ಹೀಟ್‌ನಿಂದ 80ಕ್ಕೆ ಒಂದೂವರೆ ಗಂಟೆಯಲ್ಲಿ ಇಳಿಯಬೇಕು, 80ರಿಂದ 40ಕ್ಕೆ ಮುಂದಿನ ಐದು ಗಂಟೆಯಲ್ಲಿ. ಅಂದರೆ ಆ ರಾತ್ರಿ 8:10ಕ್ಕೆ 80 ಇರಬೇಕಿತ್ತು, 1:10ರೊಳಗೆ 40. ನಿಮ್ಮಲ್ಲಿ 10:40ಕ್ಕೂ 81 ಇದೆ. ಒಂದೂವರೆ ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿದಿದೆ. ಆಮೇಲೆ ಏಳು ಗಂಟೆ ಹತ್ತಿರ ಒಂದು ನಮೂದೂ ಇಲ್ಲ, ಬೆಳಿಗ್ಗೆ 5:30ಕ್ಕೂ 40 ಮುಟ್ಟಿಲ್ಲ. ಈ ಪುಟವನ್ನು ಯಾವ ಇನ್‌ಸ್ಪೆಕ್ಟರ್ ನೋಡಿದರೂ, ಹಳಬರಾಗಲಿ ಹೊಸಬರಾಗಲಿ, ಟ್ಯಾಗ್ ಹಾಕದೆ ಹೋಗುವಂತಿರಲಿಲ್ಲ.

ಆದರೂ ಈ ಲಾಗ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಇದು ಪ್ರಾಮಾಣಿಕವಾದ ಲಾಗ್. 118, 104, 92, 81 ಎಂದು ನಿಜವಾದ ಮಾಂಸ ತಣಿಯುವ ಹಾಗೇ ತಣಿದಿದೆ. ನಿಮ್ಮ ಕೆಲಸಗಾರರು ಕಂಡದ್ದನ್ನು ಬರೆದಿದ್ದಾರೆ. ಸುಳ್ಳು ಲಾಗ್‌ಗಳು ಬೇರೆ ಥರ ಇರುತ್ತವೆ: ಎಲ್ಲ ಸಮಯವೂ ಸರಿಯಾಗಿ ಗಂಟೆಗೇ, ತಿಂಗಳಿಡೀ 38, 38, 38, ಒಂದೇ ಪೆನ್ನು, ಒಂದೇ ಉಸಿರಿನ ಬರಹ. ಪರಿಶೀಲನೆಯಲ್ಲಿ ಇವು ಬೇಗ ಸಿಕ್ಕಿಬೀಳುತ್ತವೆ. ಏನೇ ಒತ್ತಡ ಬಂದರೂ ಈ ಪುಟವನ್ನು ತಿದ್ದಬೇಡಿ, ಬೇರೆ ಹಾಳೆಯಲ್ಲಿ 'ನೀಟಾಗಿ' ಬರೆಸಬೇಡಿ, ರಾತ್ರಿಯ ಖಾಲಿ ಜಾಗವನ್ನು ಈಗ ತುಂಬಬೇಡಿ. ತಣಿಸುವುದರಲ್ಲಿ ಆದ ತಪ್ಪಿಗೆ ಪರಿಹಾರ ಉಂಟು. ದಾಖಲೆ ತಿರುಚಿದರೆ ಅದು ಅಪರಾಧ ಪ್ರಕರಣವಾಗುತ್ತದೆ, ಅಲ್ಲಿಂದ ಮುಂದೆ ಸೂಪರ್‌ವೈಸರ್ ಕೈಯಲ್ಲೂ ಏನೂ ಉಳಿಯುವುದಿಲ್ಲ.

ವಾಸನೆ, ರುಚಿ, ಮರುಬಿಸಿ

ವಾಸನೆ ಬರಲಿಲ್ಲ ಎಂಬುದು ಇಲ್ಲಿ ಏನನ್ನೂ ಹೇಳುವುದಿಲ್ಲ. ವಾಸನೆ ತರಿಸುವುದು ಮಾಂಸ ಕೆಡಿಸುವ ಬ್ಯಾಕ್ಟೀರಿಯಾ. ತಣಿಸುವ ಹಂತದಲ್ಲಿ ನಾವು ಹೆದರುವುದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬೇರೆ ಬ್ಯಾಕ್ಟೀರಿಯಾಕ್ಕೆ. ಅದು ಬೀಜಾಣುವಿನ ರೂಪದಲ್ಲಿ 165 ಡಿಗ್ರಿಯ ಬೇಯಿಸುವಿಕೆಯನ್ನೂ ತಾಳಿಕೊಂಡು ಉಳಿಯುತ್ತದೆ. ಬೇಯಿಸಿದಾಗ ಅದರ ಪೈಪೋಟಿಯವರೆಲ್ಲ ಸಾಯುತ್ತಾರೆ, ಬಿಸಿಯ ಪೆಟ್ಟು ತಿಂದ ಬೀಜಾಣು ಮೊಳೆಯುತ್ತದೆ, ಮಾಂಸ 120ರಿಂದ 80 ಡಿಗ್ರಿಯ ನಡುವೆ ನಿಧಾನವಾಗಿ ಇಳಿಯುತ್ತಿದ್ದರೆ ಅದಕ್ಕೆ ಹಬ್ಬ. 110 ಡಿಗ್ರಿಯ ಆಸುಪಾಸಿನಲ್ಲಿ ಅನುಕೂಲ ಸಿಕ್ಕರೆ ಹತ್ತು ನಿಮಿಷದ ಹತ್ತಿರಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ನಿಮ್ಮ ಮಾಂಸ 118ರಿಂದ 81ಕ್ಕೆ ಬರಲು ಮೂರು ಗಂಟೆ ತಗೊಂಡಿದೆ. ಅದೂ ಅಲ್ಲದೆ ಮೆಣಸು, ಕೊತ್ತಂಬರಿ ಬೀಜದಂಥ ಮಸಾಲೆ ಸಾಮಾನು ಈ ಬೀಜಾಣುಗಳನ್ನು ಹೊತ್ತು ತರುತ್ತದೆ, ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ್ದನ್ನೂ ತರುತ್ತದೆ. ಹಾಗಾಗಿ ಬರೀ ಉಪ್ಪು ಹಾಕಿ ಬೇಯಿಸಿದ ಕೋಳಿಗಿಂತ ಮಸಾಲೆಯ ಅಡುಗೆಯಲ್ಲಿ ತಣಿಸುವ ಹಂತಕ್ಕೆ ಹೆಚ್ಚು ಬಿಗಿ ಬೇಕು.

ನೀವು ತಿಂದು ನೋಡಿದಿರಿ, ಏನೂ ಆಗಲಿಲ್ಲ ಎಂಬುದೂ ಅಷ್ಟೇ. ಪ್ಯಾನಿನ ಅಂಚಿನ ಒಂದು ತುಂಡು ಬೇಗ ತಣಿದಿರುತ್ತದೆ, ನಡುಮಧ್ಯದ ತುಂಡಿನ ಕಥೆ ಬೇರೆ. ಟ್ಯಾಗ್ ಬಿದ್ದ ಮೇಲೆ ತಿಂದಿದ್ದರೆ ಇನ್ನೊಮ್ಮೆ ಹಾಗೆ ಮಾಡಬೇಡಿ. ಟ್ಯಾಗ್ ಇರುವ ಮಾಲಿನಿಂದ ಒಂದು ತುಂಡು ತೆಗೆಯಲೂ ಇನ್‌ಸ್ಪೆಕ್ಟರ್ ಅನುಮತಿ ಬೇಕು. ಟ್ಯಾಗ್ ಕೀಳುವುದು, ಮಾಲು ಸರಿಸುವುದು, ಮುಂಚಿತ ನೋಟಿಸು ಇಲ್ಲದೆ ಆ ಕ್ಷಣವೇ ಅಮಾನತಿಗೆ ಕಾರಣವಾಗುವ ಕೆಲವೇ ಸಂಗತಿಗಳಲ್ಲಿ ಒಂದು. ಇನ್‌ಸ್ಪೆಕ್ಟರ್‌ಗೆ ಬೆದರಿಕೆ ಹಾಕುವುದು ಇನ್ನೊಂದು. ಕೋಪದಲ್ಲಿ ಆಡುವ ಮಾತಿನ ಬಗ್ಗೆ ಮನೆಯವರಿಗೂ ಕೆಲಸದವರಿಗೂ ಹೇಳಿಡಿ.

ಮರುಬಿಸಿಯ ಪ್ರಶ್ನೆಗೆ ಸ್ವಲ್ಪ ಹುರುಳಿದೆ. ಬೆಳೆದು ನಿಂತ ಪರ್ಫ್ರಿಂಜೆನ್ಸ್ ಕೋಶಗಳು 165 ಡಿಗ್ರಿಗೆ ಸಾಯುತ್ತವೆ ನಿಜ. ಆದರೆ ಅದೇ ಹೊತ್ತಿನಲ್ಲಿ ಬ್ಯಾಸಿಲಸ್ ಸೀರಿಯಸ್ ಬೆಳೆದಿದ್ದರೆ ಅದರ ವಾಂತಿ ತರಿಸುವ ವಿಷ ಕುದಿಸಿದರೂ ಹೋಗುವುದಿಲ್ಲ. ಬೇಯಿಸಿದ ಮೇಲೆ ಕೈಯಿಂದ ಮುಟ್ಟಿ ಪ್ಯಾನಿಗೆ ಹಾಕಿದ್ದರೆ ಸ್ಟ್ಯಾಫಿಲೊಕಾಕಸ್‌ನ ವಿಷಕ್ಕೂ ಇದೇ ಮಾತು. ಮರುಬಿಸಿಯಾದ ಮೇಲೆ ಅದನ್ನು ಅದೇ ಕೂಲರ್‌ನಲ್ಲಿ ಮತ್ತೊಮ್ಮೆ ತಣಿಸಲೇಬೇಕು, ಕಳೆದ ಶುಕ್ರವಾರ ಸೋತ ಕೆಲಸವೇ ಅದು. ಅಪಾಯ ಪರ್ಫ್ರಿಂಜೆನ್ಸ್ ಒಂದೇ ಎಂದು ಆಹಾರ ಸೂಕ್ಷ್ಮಜೀವಿ ತಜ್ಞರೊಬ್ಬರು ಬರೆದುಕೊಟ್ಟು, ಇಲಾಖೆ ಒಪ್ಪಿದರೆ ಮಾತ್ರ ಮರುಬಿಸಿ ಒಂದು ದಾರಿ. ಏಳು ಗಂಟೆಯ ದಾಖಲೆಯೇ ಇಲ್ಲದ ಬ್ಯಾಚಿಗೆ ಹಾಗೆ ಬರೆದುಕೊಡುವವರು ಸಿಗುವುದು ಕಷ್ಟ.

ಟ್ಯಾಗ್ ಬಿದ್ದ ಮಾಲಿಗೆ ಉಳಿದ ದಾರಿಗಳು

ಮೊದಲ ದಾರಿ ಕಂಪ್ಯೂಟರ್ ಮಾದರಿ. ಸಮಯ ಮತ್ತು ಉಷ್ಣತೆಯ ಅಂಕಿ ಕೊಟ್ಟರೆ ಪರ್ಫ್ರಿಂಜೆನ್ಸ್ ಎಷ್ಟು ಬೆಳೆದಿರಬಹುದು ಎಂದು ಲೆಕ್ಕ ಹಾಕುವ ಪರಿಶೀಲಿತ ಮಾದರಿಗಳಿವೆ. ಬೆಳವಣಿಗೆ 1 ಲಾಗ್, ಅಂದರೆ ಹತ್ತು ಪಟ್ಟು ಮೀರಬಾರದು, ಮಾರಕ ವಿಷ ತಯಾರಿಸುವ ಬೊಟ್ಯುಲಿನಮ್ ಬ್ಯಾಕ್ಟೀರಿಯಾ ಬೆಳೆಯಲೇಬಾರದು ಎಂಬುದು ಮಾನದಂಡ. ಇದರೊಳಗಿದೆ ಎಂದು ತೋರಿಸಿದರೆ ಮಾಲು ಬಿಡಬಹುದು. ನಿಮ್ಮ ಬ್ಯಾಚಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ನೈಟ್ರೈಟ್ ಇಲ್ಲ, 118ರಿಂದ 81ರವರೆಗಿನ ಇಳಿಕೆ ತೀರಾ ನಿಧಾನ, ರಾತ್ರಿಯ ಖಾಲಿ ಜಾಗಕ್ಕೆ ಕೆಟ್ಟ ಸಾಧ್ಯತೆಯನ್ನೇ ಊಹಿಸಬೇಕು. ಫಲಿತಾಂಶ ನಿಮ್ಮ ಪರವಾಗಿ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಇಷ್ಟಾಗಿಯೂ ಇದನ್ನು ಮಾಡಿಸಿ, ಯಾಕೆಂದರೆ ಎರಡನೆ ಎನ್‌ಆರ್‌ನ ಬ್ಯಾಚಿಗೂ ಇದೇ ಬೇಕು. ನಿಮ್ಮ ರಾಜ್ಯದ ಲ್ಯಾಂಡ್-ಗ್ರಾಂಟ್ ವಿಶ್ವವಿದ್ಯಾಲಯದ ಮಾಂಸ ವಿಜ್ಞಾನ ಅಥವಾ ಆಹಾರ ವಿಜ್ಞಾನ ವಿಸ್ತರಣಾ ವಿಭಾಗಕ್ಕೆ ಇವತ್ತೇ ಫೋನ್ ಮಾಡಿ. ಸಣ್ಣ ಘಟಕಗಳಿಗೆ ನೆರವಾಗುವುದು ಅವರ ಕೆಲಸವೇ. ಉಪ್ಪಿನ ಪ್ರಮಾಣ, ಪಿಎಚ್, ಪೂರ್ತಿ ಲಾಗ್ ಕೈಯಲ್ಲಿಟ್ಟುಕೊಂಡು ಮಾತಾಡಿ.

ಇದಲ್ಲದೆ ಲ್ಯಾಬ್ ಪರೀಕ್ಷೆಯ ದಾರಿಯೂ ಇದೆ. ಒಂದೆರಡು ಪ್ಯಾಕೆಟ್ ಕಳಿಸಿ 'ಪಾಸು' ತರಿಸಿಕೊಂಡರೆ ಇಲಾಖೆ ಒಪ್ಪುವುದಿಲ್ಲ. ಎಷ್ಟು ಮಾದರಿ, ಯಾವ ಪ್ಯಾನಿನ ಯಾವ ಆಳದಿಂದ, ಯಾವ ಜೀವಿಗೆ, ಎಷ್ಟು ಬಂದರೆ ತಿರಸ್ಕಾರ ಎಂಬುದೆಲ್ಲ ಮೊದಲೇ ಕಾಗದದ ಮೇಲಿರಬೇಕು. ಇಲ್ಲಿ ಜನ ಎಡವುವುದು ಒಂದೇ ಕಡೆ. ಮಾಲು ಕೆಡದಿರಲಿ ಎಂದು ಫ್ರೀಜರ್‌ಗೆ ಹಾಕಿಬಿಡುತ್ತಾರೆ. ಹೆಪ್ಪುಗಟ್ಟಿದಾಗ ಪರ್ಫ್ರಿಂಜೆನ್ಸ್‌ನ ಬೆಳೆದ ಕೋಶಗಳು ಬಹುಪಾಲು ಸಾಯುತ್ತವೆ, ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ. ತಣ್ಣಗಿಟ್ಟರೂ ದಿನ ಕಳೆದಂತೆ ಕಡಿಮೆಯಾಗುತ್ತದೆ. ಹಾಗಾಗಿ ಮಾದರಿಯನ್ನು ಹೆಪ್ಪುಗಟ್ಟಿಸದೆ, ಬೇಗ ಕಳಿಸಬೇಕು, ಲ್ಯಾಬ್‌ಗೆ ಮೊದಲೇ ಹೇಳಿ ಅವರ ಪದ್ಧತಿಯಂತೆಯೇ ಪ್ಯಾಕ್ ಮಾಡಬೇಕು. ಇಷ್ಟು ದಿನ ಕಳೆದ ಮೇಲೆ ನಿಮ್ಮ ಬ್ಯಾಚಿಗೆ ಈ ದಾರಿ ದುರ್ಬಲ.

ಕೊನೆಯದು ನಾಶ ಮಾಡುವುದು. ನನ್ನ ಸಲಹೆ ಇದೇ. ಇನ್‌ಸ್ಪೆಕ್ಟರ್ ಎದುರಿಗೆ ಪ್ಯಾನು ಎಣಿಸಿ, ತೂಕ ಬರೆದು, ಬಣ್ಣ ಬೆರೆಸಿ ತಿನ್ನಲು ಬಾರದಂತೆ ಮಾಡಿ, ಲ್ಯಾಂಡ್‌ಫಿಲ್‌ಗೆ ಕಳಿಸಿ, ರಸೀತಿ ಇಟ್ಟುಕೊಳ್ಳಿ. 240 ಪೌಂಡ್ ಎಂದರೆ ಸಣ್ಣ ಘಟಕಕ್ಕೆ ದೊಡ್ಡ ನಷ್ಟವೇ, ಗೊತ್ತು. ಆದರೆ ಸ್ವಂತ ನಿರ್ಧಾರದಿಂದ ನಾಶ ಮಾಡಿದ ಘಟಕದ ಉತ್ತರಕ್ಕೆ ಸೂಪರ್‌ವೈಸರ್ ಮೇಜಿನ ಮೇಲೆ ಬೇರೆಯೇ ತೂಕ ಬರುತ್ತದೆ.

ತಪ್ಪಿದ ಮೇಲೆ 'ನಾವು ಅಪೆಂಡಿಕ್ಸ್ ಬಿಯ ಬೇರೆ ಆಯ್ಕೆಗೆ ಹೊಂದುತ್ತೇವೆ' ಎಂಬ ವಾದ ಹೂಡಲು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಆ ರಾತ್ರಿ ನಿಮ್ಮ ಯೋಜನೆಯಲ್ಲಿ ಯಾವ ಮಿತಿ ಬರೆದಿತ್ತೋ ಅದರಲ್ಲೇ ನಿಮ್ಮನ್ನು ಅಳೆಯುತ್ತಾರೆ.

ಮಾರಾಟವಾಗಿಹೋದ ಬ್ಯಾಚು

ಎರಡನೆ ಎನ್‌ಆರ್‌ಗೆ 'ಕೆಲಸಗಾರರಿಗೆ ತಿಳಿಸಿದ್ದೇವೆ' ಎಂದು ಬರೆದಿರಿ. ಮಿತಿ ತಪ್ಪಿದಾಗ ಫೆಡರಲ್ ನಿಯಮಾವಳಿಯ 9 ಸಿಎಫ್‌ಆರ್ 417.3 ಕೇಳುವುದು ನಾಲ್ಕು: ಕಾರಣ ಹುಡುಕಿ ತೆಗೆದಿರಾ, ಆ ಹಂತ ಮತ್ತೆ ಹಿಡಿತಕ್ಕೆ ಬಂತೇ, ಮರುಕಳಿಸದಂತೆ ಏನು ಮಾಡಿದಿರಿ, ಅಪಾಯಕಾರಿ ಮಾಲು ಮಾರುಕಟ್ಟೆಗೆ ಹೋಗಲಿಲ್ಲ ಎಂಬುದಕ್ಕೆ ಏನು ಆಧಾರ. ನಿಮ್ಮ ಉತ್ತರದಲ್ಲಿ ನಾಲ್ಕನೆಯದು ಇಲ್ಲವೇ ಇಲ್ಲ. ಮಿತಿ ಮೀರಿದ ಬ್ಯಾಚನ್ನು ಯಾವ ಮೌಲ್ಯಮಾಪನವೂ ಇಲ್ಲದೆ ಕಳಿಸಿದಿರಿ, ಸಾಗಣೆಗೆ ಮುಂಚಿನ ದಾಖಲೆ ಪರಿಶೀಲನೆಗೆ ಯಾರೋ ಸಹಿಯನ್ನೂ ಹಾಕಿರಬೇಕು.

25 ನಿಮಿಷದ ತಡ 1 ಲಾಗ್ ಒಳಗೇ ಬರುವ ಸಾಧ್ಯತೆ ಚೆನ್ನಾಗಿದೆ. ಆ ಮಾತನ್ನು ಮಾದರಿಯ ಲೆಕ್ಕ ಹೇಳಬೇಕು, ನಾವಲ್ಲ. ಒಳಗೆ ಬಂದರೆ ಆ ವರದಿಯನ್ನು ಉತ್ತರದ ಜೊತೆ ಲಗತ್ತಿಸಿ. ಹೊರಗೆ ಹೋದರೆ, ಅಪಾಯಕಾರಿ ಮಾಲು ಮಾರುಕಟ್ಟೆ ಸೇರಿದೆ ಎಂದು ತಿಳಿದ 24 ಗಂಟೆಯೊಳಗೆ ಇಲಾಖೆಗೆ ತಿಳಿಸುವುದು ನಿಮ್ಮ ಕರ್ತವ್ಯ. ಆಗ ನಿಮ್ಮ ಲಿಖಿತ ರೀಕಾಲ್ (ಮಾರಿದ ಮಾಲು ವಾಪಸು ತರಿಸುವ) ಯೋಜನೆ ಹೊರತೆಗೆಯಬೇಕಾಗುತ್ತದೆ. ಯಾವ ಅಂಗಡಿಗೆ ಎಷ್ಟು, ಯಾವ ಲಾಟ್ ನಂಬರ್ ಎಂಬ ಪಟ್ಟಿಯನ್ನು ಈಗಲೇ ಒಟ್ಟುಮಾಡಿಟ್ಟಿರಿ. 'ಯಾರಿಗೂ ಏನೂ ಆಗಲಿಲ್ಲ' ಎಂಬುದನ್ನು ಉತ್ತರದಲ್ಲಿ ಬರೆಯಬೇಡಿ. ಪರ್ಫ್ರಿಂಜೆನ್ಸ್‌ನ ಹೊಟ್ಟೆನೋವು, ಭೇದಿ ಸಾಮಾನ್ಯವಾಗಿ ಊಟವಾದ 6ರಿಂದ 24 ಗಂಟೆಯಲ್ಲಿ ಶುರುವಾಗಿ ಒಂದು ದಿನದಲ್ಲಿ ನಿಲ್ಲುತ್ತದೆ. ಜನ ಡಾಕ್ಟರ ಬಳಿಗೇ ಹೋಗುವುದಿಲ್ಲ, ಇನ್ನು ನಿಮಗೆ ಹೇಳುವುದೆಲ್ಲಿ.

ಕಾರಣ ಎಲ್ಲಿದೆ

ನೀವು ಪ್ಯಾನಿನ ಆಳ ಬರೆದಿಲ್ಲ. ಲಾಗ್ ನೋಡಿದರೆ ನಾಲ್ಕು ಇಂಚು ಆಳದ ಸ್ಟೀಲ್ ಪ್ಯಾನು ತುಂಬ ಸುಕ್ಕ, ಮೇಲೆ ಮುಚ್ಚಳ, ಒಂದರ ಪಕ್ಕ ಒಂದು ಒತ್ತಿಟ್ಟದ್ದು ಎಂದು ಕಾಣುತ್ತದೆ. ಇವತ್ತು ರಾತ್ರಿ ಸ್ಕೇಲು ಹಿಡಿದು ಅಳೆದು ನೋಡಿ.

ಸುಕ್ಕದಂಥ ಗಟ್ಟಿ ಪದಾರ್ಥದಲ್ಲಿ ಶಾಖ ಒಳಗಿನಿಂದ ಹೊರಗೆ ತೆವಳಿಕೊಂಡು ಬರಬೇಕು. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಹಾಗೆಂದು ನಾಲ್ಕು ಇಂಚನ್ನು ಎರಡಕ್ಕೆ ಇಳಿಸಿದ ಕೂಡಲೇ ನಾಲ್ಕು ಗಂಟೆ ಒಂದು ಗಂಟೆಯಾಗುತ್ತದೆ ಎಂದು ಲೆಕ್ಕ ಹಾಕಬೇಡಿ. ಕೂಲರ್‌ನ ಗಾಳಿ ದುರ್ಬಲವಾಗಿದ್ದರೆ ಎರಡು ಗಂಟೆಗೆ ನಿಂತುಬಿಡಬಹುದು, ಆಗಲೂ ನೀವು ಫೇಲ್.

ಇಲ್ಲೇ ಎರಡನೆ ಕಾರಣ ಬರುತ್ತದೆ. ವಾಕ್-ಇನ್ ಕೂಲರ್ ಮಾಡಿರುವುದು ತಣ್ಣಗಿರುವುದನ್ನು ತಣ್ಣಗಿಡಲು. 240 ಪೌಂಡ್ ಬೆಂದ ಕೋಳಿಯನ್ನು 130ರಿಂದ 80ಕ್ಕೆ ತರಲು ಸುಮಾರು 10,000 ಬಿಟಿಯು ಶಾಖ ಹೊರತೆಗೆಯಬೇಕು. ಒಂದೂವರೆ ಗಂಟೆಯಲ್ಲಿ ಎಂದರೆ ಗಂಟೆಗೆ 6,800 ಬಿಟಿಯು. ಸಣ್ಣ ವಾಕ್-ಇನ್‌ನ ಯಂತ್ರದ ಶಕ್ತಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಅದರಲ್ಲೇ ಬಾಗಿಲು ತೆಗೆದಾಗಿನ ಬಿಸಿಗಾಳಿ, ಗೋಡೆಯಿಂದ ಬರುವ ಶಾಖ, ಒಳಗಿರುವ ಬೇರೆ ಮಾಲು ಎಲ್ಲ ಸೇರಬೇಕು. ನಿಮ್ಮ ಯೂನಿಟ್‌ನ ತಗಡಿನ ಮೇಲೆ ಅದರ ಬಿಟಿಯು ಬರೆದಿರುತ್ತದೆ, ನೋಡಿ. ಬಿಸಿ ಮಾಲು ಒಳಗಿಟ್ಟ ಅರ್ಧ ಗಂಟೆಗೆ ಕೂಲರ್‌ನ ಗಾಳಿಯೇ 50 ದಾಟುತ್ತಿದ್ದರೆ ಪ್ಯಾನು ಬದಲಿಸಿ ಪ್ರಯೋಜನವಿಲ್ಲ, ಬ್ಯಾಚು ಚಿಕ್ಕದು ಮಾಡಬೇಕು ಅಥವಾ ಬ್ಲಾಸ್ಟ್ ಚಿಲ್ಲರ್ ಬೇಕು. ಫ್ಯಾನಿನ ಹಿಂದಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದೆಯೇ ಎಂದೂ ನೋಡಿ. ಕಟ್ಟಿದ್ದರೆ ಗಾಳಿ ಅರ್ಧಕ್ಕರ್ಧ ಸತ್ತಿರುತ್ತದೆ.

ಈಗಿರುವ ಸಲಕರಣೆಯಲ್ಲೇ ಆಗುವ ಕೆಲಸ: ಬ್ಯಾಚನ್ನು 80 ಪೌಂಡಿಗೆ ಇಳಿಸಿ. ಪ್ಯಾನಿನಲ್ಲಿ ಒಂದೂವರೆ ಇಂಚಿಗಿಂತ ದಪ್ಪ ಹರಡಬೇಡಿ. ಪ್ಯಾನುಗಳ ನಡುವೆ ಗಾಳಿಯಾಡಲು ಎರಡು ಇಂಚು ಜಾಗ ಬಿಡಿ. 80 ಡಿಗ್ರಿಗೆ ಇಳಿಯುವ ತನಕ ಮುಚ್ಚಳ ಹಾಕಬೇಡಿ. ಈ ಕೊನೆಯದರಲ್ಲಿ ಒಂದು ಅಪಾಯವಿದೆ. ತೆರೆದಿಟ್ಟ ಬೆಂದ ಮಾಂಸದ ಮೇಲೆ ಕೂಲರ್‌ನ ಕಾಯಿಲ್‌ನಿಂದ ನೀರು ತೊಟ್ಟಿಕ್ಕಿದರೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬಂದು ಕೂರುತ್ತದೆ, ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುವ ಜಾತಿ. ಹಾಗಾಗಿ ರ‍್ಯಾಕ್‌ನ ಎಲ್ಲಕ್ಕಿಂತ ಮೇಲಿನ ತಟ್ಟಿನಲ್ಲಿ ಖಾಲಿ ಪ್ಯಾನು ಕವುಚಿಡಿ, ರ‍್ಯಾಕನ್ನು ಯೂನಿಟ್‌ನ ನೇರ ಕೆಳಗೆ ನಿಲ್ಲಿಸಬೇಡಿ, ಹಸಿ ಕೋಳಿ ಅದೇ ಕೂಲರ್‌ನಲ್ಲಿದ್ದರೆ ಬೇರೆ ಮಾಡಿ. ಕೊನೆಯಲ್ಲಿ ಹಸಿ ಕೊತ್ತಂಬರಿ ಸೊಪ್ಪು ಅಥವಾ ತುರಿದ ಕಾಯಿ ಉದುರಿಸುವ ಅಭ್ಯಾಸವಿದ್ದರೆ ಅದನ್ನು ಬೇಯುವ ಹಂತದೊಳಗೇ ತನ್ನಿ. ಬೆಂದ ಮೇಲೆ ಸೇರುವ ಯಾವ ಹಸಿ ಪದಾರ್ಥವೂ ನೀವು ಬೇಯಿಸಿ ಗಳಿಸಿದ ಸುರಕ್ಷತೆಯನ್ನು ಕಳೆಯುತ್ತದೆ.

ಇನ್ನು ಥರ್ಮಾಮೀಟರ್. ಗಡಿಯಾರದ ಮುಖದಂಥ ಡಯಲ್ ಥರ್ಮಾಮೀಟರ್ ಬಳಸುತ್ತಿದ್ದರೆ ಬಿಡಿ. ಅದರ ಕಡ್ಡಿಯ ಕೆಳಗಿನ ಎರಡು ಇಂಚಿಗೂ ಮಿಕ್ಕಿದ ಉದ್ದವೆಲ್ಲ ಸೇರಿ ಸರಾಸರಿ ತೋರಿಸುತ್ತದೆ. ತೆಳು ಪದರದಲ್ಲಿ ಅದು ಅರ್ಧ ಮಾಂಸ, ಅರ್ಧ ಗಾಳಿ ಅಳೆಯುತ್ತದೆ. ತುದಿಯಲ್ಲಿ ಮಾತ್ರ ಅಳೆಯುವ ಥರ್ಮೋಕಪಲ್ ಬೇಕು. ಪುಡಿ ಮಾಡಿದ ಐಸ್ ತುಂಬಿ ಸ್ವಲ್ಪವೇ ನೀರು ಹಾಕಿದ ಲೋಟದಲ್ಲಿ ಅದು 32 ತೋರಿಸುತ್ತದೆಯೇ ಎಂದು ನೋಡಿ ಬರೆದಿಡಿ. ರಾತ್ರಿ ಯಾರೂ ಇರುವುದಿಲ್ಲವಾದ್ದರಿಂದ ಪ್ರೋಬ್ ಇರುವ ಡೇಟಾ ಲಾಗರ್ ಹಾಕಿ, ಐದು ನಿಮಿಷಕ್ಕೊಂದು ನಮೂದು. ಪ್ರೋಬ್ ಚುಚ್ಚಬೇಕಾದದ್ದು ಅನುಕೂಲದ ಪ್ಯಾನಿಗಲ್ಲ, ಫ್ಯಾನಿನಿಂದ ಅತಿ ದೂರದ, ಅತಿ ದಪ್ಪದ ಪ್ಯಾನಿನ ನಟ್ಟನಡುವಿಗೆ. ಅದು ಯಾವುದೆಂದು ತಿಳಿಯಲು ಒಂದು ಬ್ಯಾಚಿನಲ್ಲಿ ನಾಲ್ಕೈದು ಜಾಗಕ್ಕೆ ಪ್ರೋಬ್ ಹಾಕಿ ಹೋಲಿಸಿ. ಆ ಹೋಲಿಕೆಯ ಹಾಳೆಯೇ ನಿಮ್ಮ ಉತ್ತರದ ಅತ್ಯುತ್ತಮ ಲಗತ್ತು.

ಕಿರುಕುಳವೇ? ಅಪೀಲೇ?

ಹಿಂದಿನ ಇನ್‌ಸ್ಪೆಕ್ಟರ್ ಬರೆಯದೇ ಇದ್ದದ್ದನ್ನು ಹೊಸಬರು ಬರೆದಾಗ ಕಿರುಕುಳ ಅನ್ನಿಸುವುದು ಸಹಜ. ಹಿಂದಿನವರ ಕಣ್ಣಿಗೆ ಬೀಳದ್ದು ನಿಮಗೆ ಸಿಕ್ಕ ಅನುಮತಿಯಲ್ಲ. ಆದರೆ ಇನ್‌ಸ್ಪೆಕ್ಟರ್ ಬರೆದದ್ದೆಲ್ಲ ವೇದವಾಕ್ಯವೂ ಅಲ್ಲ. ಇಷ್ಟು ಎನ್‌ಆರ್ ಆದರೆ ಕ್ರಮ ಎಂಬ ಗೊತ್ತಾದ ಸಂಖ್ಯೆ ಎಲ್ಲೂ ಇಲ್ಲ. ಇಂಥ ಕಾಗದಕ್ಕೆ ಸಹಿ ಹಾಕುವ ಮುಂಚೆ ಸೂಪರ್‌ವೈಸರ್ ನೋಡಬೇಕಾದದ್ದು ಇದು: ಏನು ಕಂಡರು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ನಿಯಮ ಎಂದು ಪ್ರತಿ ಎನ್‌ಆರ್‌ನಲ್ಲಿ ಇದೆಯೇ, ಒಂದರ ಹಿಂದೊಂದು ಜೋಡಿಸಿದ ಎನ್‌ಆರ್‌ಗಳ ಮೂಲ ಕಾರಣ ನಿಜವಾಗಿ ಒಂದೇನಾ, ಜೋಡಿಸುತ್ತಿದ್ದೇವೆ ಎಂದು ಘಟಕಕ್ಕೆ ಮೊದಲೇ ಹೇಳಿದ್ದಾರೆಯೇ, ಘಟಕದ ಹಿಂದಿನ ಉತ್ತರ ಯಾಕೆ ಸಾಲಲಿಲ್ಲ ಎಂದು ಬರೆದಿದ್ದಾರೆಯೇ.

ಈ ಕಣ್ಣಿನಿಂದ ನೋಡಿದರೆ ನಿಮಗೆ ಒಂದು ನ್ಯಾಯವಾದ ಅಪೀಲು ಇದೆ. ಮೊದಲನೆ ಎನ್‌ಆರ್ ಸಹಿ ಮರೆತದ್ದು, 417.5ರ ದಾಖಲೆ ವಿಷಯ. ಉಳಿದೆರಡು ತಣಿಸುವ ಸಾಮರ್ಥ್ಯದ ವಿಷಯ. ಮೂಲ ಕಾರಣ ಬೇರೆ. ಮೊದಲನೆಯದನ್ನು ಸರಪಳಿಯಿಂದ ಬಿಡಿಸಿ ಎಂದು ಸೂಪರ್‌ವೈಸರ್‌ಗೆ ಬರೆಯಬಹುದು, ಅವರು ಒಪ್ಪದಿದ್ದರೆ ಅವರ ಮೇಲಿನವರಿಗೆ. ಎರಡನೆಯದು, ಮೂರನೆಯದರ ಮೇಲೆ ಅಪೀಲು ಹೂಡಬೇಡಿ, ನಿಮ್ಮದೇ ಲಾಗ್ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಅಪೀಲಿನ ಕಾಗದವನ್ನೂ ಮೂರು ದಿನದ ಉತ್ತರವನ್ನೂ ಬೆರೆಸಬೇಡಿ. ಅಪೀಲು ಹಾಕಿದೆ ಎಂದು ಗಡುವು ನಿಲ್ಲುತ್ತದೆ ಎಂದುಕೊಂಡು ಮುಳುಗಿದವರಿದ್ದಾರೆ. ಇನ್‌ಸ್ಪೆಕ್ಟರ್ ನಿಯಮ ಅನ್ವಯಿಸುವ ರೀತಿಯ ಬಗ್ಗೆ ನಿಜವಾದ ಅನುಮಾನವಿದ್ದರೆ ಸೂಪರ್‌ವೈಸರ್ ಜೊತೆಯಲ್ಲಿ ಬಂದು ನೋಡಲಿ ಎಂದು ಕೇಳಿ. ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ, ಇನ್‌ಸ್ಪೆಕ್ಟರ್‌ಗಳ ಕೆಲಸ ಘಟಕಕ್ಕೆ ಹೋಗಿ ನೋಡುವುದು ಸೂಪರ್‌ವೈಸರ್ ಕೆಲಸದ ಭಾಗವೇ.

ಮೂರು ದಿನದಲ್ಲಿ ಏನು ಬರೆಯುವುದು

ಫೆಡರಲ್ ಪದ್ಧತಿಯಲ್ಲಿ ಇದು ಮೂರು ಕೆಲಸದ ದಿನ, ರಾಜ್ಯಗಳು ಅದೇ ನಿಯಮಗಳನ್ನು ಅಳವಡಿಸಿಕೊಳ್ಳುವುದು ರೂಢಿ. ಆದರೂ ನಿಮ್ಮ ಕಾಗದದಲ್ಲಿರುವ ದಿನಾಂಕವೇ ಅಂತಿಮ. ಪೂರ್ತಿ ದುರಸ್ತಿ ಮೂರು ದಿನದಲ್ಲಿ ಮುಗಿಯಬೇಕೆಂದಿಲ್ಲ, ನಂಬುವಂಥ ಯೋಜನೆ ಮುಟ್ಟಬೇಕು. ಮುಗಿಯುವ ತನಕ ಸುಕ್ಕದ ಉತ್ಪಾದನೆಯನ್ನು ನೀವೇ ನಿಲ್ಲಿಸಿದ್ದೀರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಇಲಾಖೆಗೆ ಬರುವ ಉತ್ತರಗಳಲ್ಲಿ ಅತಿ ಸಾಮಾನ್ಯವಾದದ್ದು, ಅತಿ ಪೊಳ್ಳಾದದ್ದು 'ಸಿಬ್ಬಂದಿಗೆ ಮರುತರಬೇತಿ ನೀಡಲಾಗಿದೆ'. ನಿಮ್ಮ ಸಿಬ್ಬಂದಿ ಸರಿಯಾಗಿಯೇ ಬರೆದಿದ್ದಾರೆ, ತಣಿಯದೆ ಹೋದದ್ದು ಕೂಲರ್‌ನಲ್ಲಿ. ಅದರ ಬದಲು ಹೀಗಿರಲಿ: 'ನಾಲ್ಕು ಇಂಚು ಆಳದ ಪ್ಯಾನುಗಳನ್ನು ತಣಿಸುವ ಕೆಲಸದಿಂದ ತೆಗೆದಿದ್ದೇವೆ. ಇನ್ನು ಪದರದ ದಪ್ಪ ಒಂದೂವರೆ ಇಂಚು ಮೀರುವುದಿಲ್ಲ, ಗುರುತು ಹಾಕಿದ ಸ್ಕೇಲಿನಿಂದ ಪ್ರತಿ ಬ್ಯಾಚಿನ ಮೂರು ಪ್ಯಾನು ಅಳೆದು ಬರೆಯುತ್ತೇವೆ. ಬ್ಯಾಚು 80 ಪೌಂಡ್ ಮೀರುವುದಿಲ್ಲ. 130 ಆದ 60 ನಿಮಿಷಕ್ಕೆ 95ಕ್ಕಿಂತ ಹೆಚ್ಚಿದ್ದರೆ ಪ್ಯಾನುಗಳನ್ನು ಐಸ್ ನೀರಿನ ತೊಟ್ಟಿಗೆ ಇಳಿಸುತ್ತೇವೆ, 90 ನಿಮಿಷಕ್ಕೆ 80 ಮುಟ್ಟದಿದ್ದರೆ ಬ್ಯಾಚನ್ನು ತಡೆಹಿಡಿದು ಇನ್‌ಸ್ಪೆಕ್ಟರ್‌ಗೆ ತಿಳಿಸುತ್ತೇವೆ. ಮೊದಲ ಮೂರು ಬ್ಯಾಚುಗಳನ್ನು ಲಾಗರ್ ಫಲಿತಾಂಶ ಪರಿಶೀಲಿಸುವವರೆಗೆ ಸಾಗಿಸುವುದಿಲ್ಲ.' ಈ 60 ನಿಮಿಷದ ಎಚ್ಚರಿಕೆ ಗೆರೆ ನಿಯಮದಲ್ಲಿಲ್ಲ, ನಾನು ಸೇರಿಸಿದ್ದು. ಮಿತಿ ತಪ್ಪುವ ಮುಂಚೆ ಕೈ ಹಾಕಲು ಅರ್ಧ ಗಂಟೆ ಸಿಗಲಿ ಎಂದು. ನಿಮ್ಮ ಮೊದಲ ಬ್ಯಾಚುಗಳ ಇಳಿಕೆ ನೋಡಿ ಆ 95ನ್ನು ಹೊಂದಿಸಿಕೊಳ್ಳಿ. ಮಾಡಲಾಗದ್ದನ್ನು ಒಂದಕ್ಷರವೂ ಬರೆಯಬೇಡಿ. ಮುಂದಿನ ತಪಾಸಣೆ ಈ ಕಾಗದ ಹಿಡಿದೇ ನಡೆಯುತ್ತದೆ.

ಉತ್ತರ ಒಪ್ಪಿಗೆಯಾದರೆ ಅಮಾನತಿನ ನಿರ್ಧಾರ ಮುಂದೂಡಿದ್ದೇವೆ ಎಂಬ ಪತ್ರ ಬರುತ್ತದೆ, ಜೊತೆಗೆ ಇನ್‌ಸ್ಪೆಕ್ಟರ್ ಏನೇನು ಪರಿಶೀಲಿಸುತ್ತಾರೆ ಎಂಬ ಪಟ್ಟಿ. ಆ ಅವಧಿಯಲ್ಲಿ ಮತ್ತೆ ತಣಿಸುವಲ್ಲಿ ತಪ್ಪಿದರೆ ಅಮಾನತು ಹೆಚ್ಚುಕಡಿಮೆ ಖಚಿತ. ಅಮಾನತು ಎಂದರೆ ಪರವಾನಗಿ ರದ್ದಲ್ಲ, ತಪಾಸಣೆಯ ಮುದ್ರೆ ಸಿಗುವುದಿಲ್ಲ, ಮುದ್ರೆ ಇಲ್ಲದೆ ಮಾಲು ಹೊರಗೆ ಹೋಗುವಂತಿಲ್ಲ. ತಪ್ಪು ತಿದ್ದಿದ ಮೇಲೆ ಅದನ್ನು ತೆರವು ಮಾಡಿಸಿಕೊಳ್ಳಬಹುದು.

ಫೆಡರಲ್‌ಗೆ ಬದಲಾಗುವುದು, ತಮ್ಮನ ಅಂಗಡಿ

ಫೆಡರಲ್ ತಪಾಸಣೆ ಸಡಿಲ ಎಂಬುದು ತಪ್ಪು ತಿಳುವಳಿಕೆ. ಮಾಂಸಕ್ಕೆ 1967ರ, ಕೋಳಿಗೆ 1968ರ ಕಾಯ್ದೆಯ ಪ್ರಕಾರ ರಾಜ್ಯದ ತಪಾಸಣೆ ಫೆಡರಲ್‌ಗೆ ಕನಿಷ್ಠ ಸಮನಾಗಿರಬೇಕು, ಅದರ ಖರ್ಚಿನಲ್ಲಿ ಅರ್ಧದವರೆಗೆ ಕೇಂದ್ರವೇ ಕೊಡುತ್ತದೆ. ತಣಿಸುವ ಮಿತಿ ಅಲ್ಲೂ ಇದೇ. ಈ ಕ್ರಮ ಇನ್ನೂ ಇತ್ಯರ್ಥವಾಗದೆ ಇರುವಾಗ ಅರ್ಜಿ ಹಾಕಿದರೆ ಇದೇ ಕಡತ ಅವರ ಮೇಜಿಗೂ ಹೋಗುತ್ತದೆ.

ತಮ್ಮನವರ ಅಂಗಡಿಗೆ ಈಗ ಒಂದು ಪ್ಯಾಕೆಟ್ಟೂ ಕಳಿಸಬೇಡಿ, ನಿಮ್ಮದೇ ಕಾರಿನಲ್ಲಿ ಕೂಡ. ರಾಜ್ಯದ ಮುದ್ರೆಯ ಮಾಲನ್ನು ಮಾರಾಟಕ್ಕೆಂದು ಗಡಿ ದಾಟಿಸುವಂತಿಲ್ಲ. ಆದರೆ 2008ರ ಫಾರ್ಮ್ ಬಿಲ್‌ನಲ್ಲಿ (ಫೆಡರಲ್ ಕೃಷಿ ಕಾಯ್ದೆ) ನಿಮ್ಮಂಥವರಿಗಾಗಿ ಒಂದು ಬಾಗಿಲು ತೆರೆದಿದ್ದಾರೆ. ಸರಾಸರಿ 25 ಅಥವಾ ಕಡಿಮೆ ಜನ ಕೆಲಸ ಮಾಡುವ ಘಟಕ, ರಾಜ್ಯದ ಇನ್‌ಸ್ಪೆಕ್ಟರ್‌ಗಳ ಅಡಿಯಲ್ಲೇ ಇದ್ದು, ಫೆಡರಲ್ ನಿಯಮಗಳನ್ನು ಅಕ್ಷರಶಃ ಪಾಲಿಸಿ, ಫೆಡರಲ್ ಮುದ್ರೆ ಪಡೆದು ಬೇರೆ ರಾಜ್ಯಕ್ಕೆ ಮಾರಬಹುದು. ಕೋಆಪರೇಟಿವ್ ಇಂಟರ್‌ಸ್ಟೇಟ್ ಶಿಪ್‌ಮೆಂಟ್ ಎಂದು ಅದರ ಹೆಸರು, ಓಹಾಯೊ 2012ರಲ್ಲಿ ಮೊದಲು ಸೇರಿದ ರಾಜ್ಯ. ತಪಾಸಣೆ ನಡೆಸುವ ರಾಜ್ಯಗಳೆಲ್ಲ ಇದರಲ್ಲಿಲ್ಲ, ನಿಮ್ಮದು ಇದೆಯೇ ಎಂದು ಅದೇ ಸೂಪರ್‌ವೈಸರ್‌ನ್ನೇ ಕೇಳಿ. ಆದರೆ ಈ ವಾರ ಬೇಡ. ಮುಂದೂಡಿಕೆಯ ಅವಧಿ ಮುಗಿದು, ಲಾಗರ್‌ನ ಒಂದಷ್ಟು ತಿಂಗಳ ಹಾಳೆ ಕೈಯಲ್ಲಿಟ್ಟುಕೊಂಡು ಕೇಳಿ, ಆಯ್ಕೆ ಮಾಡುವಾಗ ಅವರು ನೋಡುವುದೂ ಆ ಹಾಳೆಗಳನ್ನೇ.